ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕನ್ವರ್ಟಿಬಲ್: ಮ್ಯಾನುಯಲ್ ಗೇರೇ, ಆಟೊಮ್ಯಾಟಿಕ್ಕೇ?

ಮಾಜ್ದಾ ಎಂಎಕ್ಸ್-5 ಕಾರಿನ ಮೂರನೆಯ ತಲೆಮಾರಿನ ಎರಡು ಗಾಡಿಗಳನ್ನು ಒಂದೇ ವಾರದಲ್ಲಿ ಓಡಿಸಿ ನೋಡುವ ಅವಕಾಶ ಸಿಕ್ಕಿತು. ಎರಡೂ 2 ಲೀಟರ್ ಎಂಜಿನ್ನಿನವು, ಎರಡಕ್ಕೂ ಮಡಚುವ ಬಟ್ಟೆಯ ಛಾವಣಿ, ವಯಸ್ಸೂ ಓಡಿದ ದೂರವೂ ಹೆಚ್ಚುಕಡಿಮೆ ಸಮ. ಒಂದರಲ್ಲಿ ಆರು ಗೇರಿನ ಮ್ಯಾನುಯಲ್, ಇನ್ನೊಂದರಲ್ಲಿ ಆರು ಗೇರಿನ ಆಟೊಮ್ಯಾಟಿಕ್ ಎಂಬುದಷ್ಟೇ ವ್ಯತ್ಯಾಸ. ಎರಡರಲ್ಲಿ ಒಂದನ್ನು ಕೊಳ್ಳಲೇಬೇಕೆಂದು ತೀರ್ಮಾನಿಸಿ ಹೊರಟಿದ್ದ ನನಗೆ, ಗೇರ್‌ಬಾಕ್ಸ್ ಬದಲಾದರೆ ಕಾರೇ ಬದಲಾಗುತ್ತದೆ ಎಂಬ ಮಾತು ಎಷ್ಟು ನಿಜ ಎಂಬುದು ಮೊದಲ ದಿನವೇ ತಿಳಿಯಿತು.

ಮ್ಯಾನುಯಲ್ ಗಾಡಿಯಿಂದಲೇ ಆರಂಭಿಸುತ್ತೇನೆ. ಈ ಕಾರಿನ ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸಿನ ಮೇಲೆಯೇ ಕುಳಿತಿದೆ, ನಡುವೆ ಕೇಬಲ್ಲುಗಳಿಲ್ಲ. ಆದ್ದರಿಂದ ಒಳಗೆ ಹಲ್ಲಿಗೆ ಹಲ್ಲು ಕೂಡಿಕೊಳ್ಳುವುದು ಅಂಗೈಗೆ ತಿಳಿಯುತ್ತದೆ. ಎರಡರಿಂದ ಮೂರಕ್ಕೆ ಹೋಗಲು ತೋಳು ಚಾಚಬೇಕಿಲ್ಲ, ಮಣಿಕಟ್ಟು ಆಡಿಸಿದರೆ ಸಾಕು. ತಿರುವು ಹತ್ತಿರವಾದಾಗ ಬ್ರೇಕ್ ಒತ್ತಿ, ಮೂರರಿಂದ ಎರಡಕ್ಕೆ ಇಳಿಸಿ, ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರನ್ನು ಒಮ್ಮೆ ತಟ್ಟಿ ಎಂಜಿನ್ನಿನ ವೇಗವನ್ನು ಚಕ್ರದ ವೇಗಕ್ಕೆ ಹೊಂದಿಸಿಕೊಂಡರೆ, ಒಂದಿಷ್ಟೂ ಜಗ್ಗದೆ ಗಾಡಿ ತಿರುವಿನೊಳಕ್ಕೆ ಇಳಿಯುತ್ತದೆ. ಹತ್ತು ಸಲ ಮಾಡಿದರೆ ಏಳು ಸಲ ಸರಿಯಾಗಿ ಬರುತ್ತದೆ. ಉಳಿದ ಮೂರು ಸಲವನ್ನು ಸರಿಪಡಿಸಿಕೊಳ್ಳುವ ಆಸೆಯೇ ಮರುದಿನ ಮತ್ತೆ ಗಾಡಿ ಹೊರಗೆ ತೆಗೆಯುವಂತೆ ಮಾಡುತ್ತದೆ.

ಆಟೊಮ್ಯಾಟಿಕ್ ಗಾಡಿಯಲ್ಲಿ ಅದೇ ದಾರಿಯಲ್ಲಿ ಹೋದಾಗ ಕೆಲಸ ಕಡಿಮೆಯಾಯಿತು, ಅದರ ಜೊತೆಗೆ ಮಾತುಕತೆಯೂ ಕಡಿಮೆಯಾಯಿತು. ಸ್ಟೀರಿಂಗಿನ ಹಿಂದೆ ಪ್ಯಾಡಲ್‌ಗಳಿವೆ, ಅವುಗಳಿಂದ ಗೇರ್ ಇಳಿಸಬಹುದು, ಇಳಿಸಿದ್ದೂ ಆಯಿತು. ಆದರೆ ನಾವು ಕೇಳಿದ ಗೇರು ಕೇಳಿದ ಕ್ಷಣಕ್ಕೆ ಬೀಳದೆ ಒಂದು ಉಸಿರಿನಷ್ಟು ತಡವಾಗಿ ಬೀಳುತ್ತದೆ. ಇದು ಆ ಕಾರಿನ ದೋಷವಲ್ಲ, ಟಾರ್ಕ್ ಕನ್ವರ್ಟರ್ ಎಂಬ ವ್ಯವಸ್ಥೆಯಿರುವ ಹಳೆಯ ಆಟೊಮ್ಯಾಟಿಕ್‌ಗಳ ಸ್ವಭಾವ. ಅಲ್ಲಿ ಎಂಜಿನ್ನಿನ ಬಲ ಚಕ್ರಗಳ ಕಡೆಗೆ ಹರಿಯುವುದು ಎಣ್ಣೆಯ ಮೂಲಕ. ಎಂಜಿನ್ ತಿರುಗಿಸುವ ಒಂದು ರೆಕ್ಕೆಚಕ್ರ ಎಣ್ಣೆಯನ್ನು ಎಸೆಯುತ್ತದೆ, ಎದುರಿನ ರೆಕ್ಕೆಚಕ್ರ ಆ ಎಸೆತವನ್ನು ಹಿಡಿದು ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ನಿಂತಲ್ಲಿಂದ ಹೊರಡುವಾಗ ಇದರಷ್ಟು ನಯವಾದದ್ದು ಬೇರೊಂದಿಲ್ಲ. ಆದರೆ ತಳಮಟ್ಟದ ಟಾರ್ಕ್, ಅಂದರೆ ತಿರುಗಿಸುವ ಬಲ, ಕಡಿಮೆಯಿರುವ ಸಣ್ಣ ಎಂಜಿನ್ನಿಗೆ, ಪ್ರತಿಯೊಂದು ಹನಿ ಬಲವನ್ನೂ ಲೆಕ್ಕ ಹಾಕಿ ಬಳಸಬೇಕಾದ ಹಗುರ ಕಾರಿಗೆ, ಈ ನಯಕ್ಕೆ ತೆರುವ ಬೆಲೆ ಕಣ್ಣಿಗೆ ಕಾಣುವಷ್ಟಿರುತ್ತದೆ.

ಇಲ್ಲಿ ಇದು ಕನ್ವರ್ಟಿಬಲ್, ಅಂದರೆ ಛಾವಣಿ ತೆರೆಯುವ ಕಾರು, ಎಂಬ ಸಂಗತಿಯನ್ನು ಮರೆಯಬಾರದು. ಮುಚ್ಚಿದ ಕೂಪೆ ಕಾರಿಗೂ ಇದಕ್ಕೂ ಗೇರ್‌ಬಾಕ್ಸಿನ ಪ್ರಶ್ನೆ ಒಂದೇ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಛಾವಣಿ ತೆಗೆದು ಹೋಗುವಾಗ ಸಂತೋಷ ಸಿಗುವುದು ಗಂಟೆಗೆ 50ರಿಂದ 90 ಕಿಲೋಮೀಟರ್ ವೇಗದ ನಡುವೆ. ಅದಕ್ಕಿಂತ ಮೇಲೆ ಹೋದರೆ ಗಾಳಿಯ ಅಬ್ಬರದಲ್ಲಿ ಎಂಜಿನ್ನಿನ ಸದ್ದೂ ಮುಳುಗುತ್ತದೆ, ಪಕ್ಕದವರ ಮಾತೂ ಮುಳುಗುತ್ತದೆ. ಆ ನಡುವಿನ ವೇಗದಲ್ಲಿ ಎರಡು, ಮೂರು, ನಾಲ್ಕನೆಯ ಗೇರುಗಳೇ ಮತ್ತೆ ಮತ್ತೆ ಬೇಕಾಗುತ್ತವೆ, ಎಕ್ಸಾಸ್ಟ್ ಸದ್ದು ಕಿವಿಗೆ ನೇರವಾಗಿ ಬಡಿಯುತ್ತಿರುತ್ತದೆ, ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ನೋಡದೆ ಬರೀ ಕಿವಿಯಿಂದಲೇ ಗೇರ್ ಹಾಕುವುದು ಸಾಧ್ಯವಾಗುತ್ತದೆ. ಶೂನ್ಯದಿಂದ 100ಕ್ಕೆ ತುಸು ಬೇಗ ಮುಟ್ಟುವ ಕೆಲವು ಹೊಸ ಆಟೊಮ್ಯಾಟಿಕ್‌ಗಳ ಮೇಲುಗೈಗೆ ಈ ಬಗೆಯ ಓಡಾಟದಲ್ಲಿ ಕೆಲಸವೇ ಇಲ್ಲ. ಹಾಗಾಗಿ ತೆರೆದ ಕಾರಿನಲ್ಲಿ ಮ್ಯಾನುಯಲ್ ಪರವಾದ ವಾದ ಮುಚ್ಚಿದ ಕಾರಿನಲ್ಲಿರುವುದಕ್ಕಿಂತ ಗಟ್ಟಿಯಾಗಿದೆ.

ಆದರೆ ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಯಂತ್ರಗಳನ್ನು ಮಾರಾಟದ ಜಾಹೀರಾತುಗಳಲ್ಲಿ ಸೇರಿಸಿರುತ್ತಾರೆ. ಕೊಳ್ಳುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ. ಪೋರ್ಷೆ ಬಾಕ್ಸ್‌ಸ್ಟರ್ ಇದಕ್ಕೆ ಒಳ್ಳೆಯ ಉದಾಹರಣೆ. 1996ರಲ್ಲಿ ಬಂದ ಮೊದಲ ಬಾಕ್ಸ್‌ಸ್ಟರ್‌ನಲ್ಲಿ, ಅಂದರೆ 986 ಮಾದರಿಯಲ್ಲಿ, 2.5 ಲೀಟರ್ ಎಂಜಿನ್ನಿಗೆ ಐದು ಗೇರಿನ ಮ್ಯಾನುಯಲ್ ಅಥವಾ ಐದು ಗೇರಿನ ಟಿಪ್‌ಟ್ರಾನಿಕ್ ಎಂಬ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಸಿಗುತ್ತಿತ್ತು. ಕಂಪನಿಯೇ ಕೊಟ್ಟ ಲೆಕ್ಕದಂತೆ ಶೂನ್ಯದಿಂದ 100 ಕಿಲೋಮೀಟರ್ ಮುಟ್ಟಲು ಮ್ಯಾನುಯಲ್‌ಗೆ 6.9 ಸೆಕೆಂಡು, ಟಿಪ್‌ಟ್ರಾನಿಕ್‌ಗೆ 7.6 ಸೆಕೆಂಡು ಬೇಕಿತ್ತು. 2012ರಲ್ಲಿ ಬಂದ 981 ಬಾಕ್ಸ್‌ಸ್ಟರ್ ಎಸ್‌ನಲ್ಲಿ ಮ್ಯಾನುಯಲ್ 5.1 ಸೆಕೆಂಡು, ಪಿಡಿಕೆ ಎಂಬ ಏಳು ಗೇರಿನ ಹೊಸ ಬಗೆಯ ಆಟೊಮ್ಯಾಟಿಕ್ 5.0, ಅದಕ್ಕೆ ಸ್ಪೋರ್ಟ್ ಕ್ರೋನೊ ಎಂಬ ಹೆಚ್ಚುವರಿ ಸೌಲಭ್ಯವಿದ್ದರೆ 4.8. ಹದಿನಾರು ವರ್ಷಗಳಲ್ಲಿ ತಕ್ಕಡಿ ಪೂರ್ತಿ ಮಗುಚಿಕೊಂಡಿದೆ. ಆಟೊಮ್ಯಾಟಿಕ್ ನಿಧಾನ ಎಂಬ ಹಳೆಯ ಮಾತು ಮೊದಲನೆಯದಕ್ಕೆ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲುವುದಿಲ್ಲ.

ಈ ಬದಲಾವಣೆಗೆ ಕಾರಣ ಎರಡು ಕ್ಲಚ್‌ಗಳ ಗೇರ್‌ಬಾಕ್ಸ್. ಒಂದು ಕ್ಲಚ್ ಒಂದು, ಮೂರು, ಐದು, ಏಳನೆಯ ಗೇರುಗಳನ್ನು ನೋಡಿಕೊಂಡರೆ, ಇನ್ನೊಂದು ಎರಡು, ನಾಲ್ಕು, ಆರನ್ನು ನೋಡಿಕೊಳ್ಳುತ್ತದೆ. ನೀವು ಮೂರರಲ್ಲಿ ಹೋಗುತ್ತಿರುವಾಗಲೇ ನಾಲ್ಕು ಕೂಡಿಕೊಂಡು ಕಾದಿರುತ್ತದೆ. ಒಂದು ಕ್ಲಚ್ ಬಿಡುವುದೂ ಇನ್ನೊಂದು ಹಿಡಿಯುವುದೂ ಒಟ್ಟೊಟ್ಟಿಗೆ ನಡೆಯುವುದರಿಂದ ಎಳೆತ ತುಂಡಾಗುವುದಿಲ್ಲ. ಫೋಕ್ಸ್‌ವ್ಯಾಗನ್ ಸಮೂಹ 2003ರಲ್ಲಿ ಇದನ್ನು ಡಿಎಸ್‌ಜಿ ಎಂಬ ಹೆಸರಿನಲ್ಲಿ ತಂದಿತು, ಆಡಿ ಟಿಟಿಗೂ ಅದು ಬಂತು. ಬಾಕ್ಸ್‌ಸ್ಟರ್‌ಗೆ ಪಿಡಿಕೆ ಬಂದದ್ದು 2009ರಲ್ಲಿ. ಅದೇ ವರ್ಷ ಬಂದ ಬಿಎಂಡಬ್ಲ್ಯು ಝಡ್4ರ 35ಐ ಮಾದರಿಗೂ ಏಳು ಗೇರಿನ ಎರಡು ಕ್ಲಚ್‌ಗಳ ಗೇರ್‌ಬಾಕ್ಸ್ ಸಿಗುತ್ತಿತ್ತು. ಒಂದು ಎಚ್ಚರಿಕೆ: ಆರಂಭದ ಪಿಡಿಕೆ ಕಾರುಗಳ ಸ್ಟೀರಿಂಗಿನಲ್ಲಿ ಪ್ಯಾಡಲ್‌ಗಳ ಬದಲು ಎರಡೂ ಕಡೆ ಗುಂಡಿಗಳಿದ್ದವು. ಮುಂದಕ್ಕೆ ಒತ್ತಿದರೆ ಗೇರ್ ಏರುತ್ತದೆ, ಹಿಂದಿನಿಂದ ಎಳೆದರೆ ಇಳಿಯುತ್ತದೆ. ಇದು ಕೈಗೆ ಬೇಗ ರೂಢಿಯಾಗುವುದಿಲ್ಲ. ಪ್ಯಾಡಲ್ ಇರುವ ಸ್ಟೀರಿಂಗಿನ ಗಾಡಿಯನ್ನೇ ಹುಡುಕುವುದು ಲೇಸು.

ಮೂರನೆಯ ಬಗೆ, ಮ್ಯಾನುಯಲ್ ಗೇರ್‌ಬಾಕ್ಸಿಗೇ ಯಂತ್ರದ ಕೈ ಜೋಡಿಸಿ ಕ್ಲಚ್ ಪೆಡಲ್ ತೆಗೆದದ್ದು. ಟೊಯೋಟಾ ಎಂಆರ್2 ಸ್ಪೈಡರ್‌ನ ಎಸ್‌ಎಂಟಿ ಮತ್ತು ಮೊದಲ ಬಿಎಂಡಬ್ಲ್ಯು ಝಡ್4ರ ಎಸ್‌ಎಂಜಿ ಈ ಜಾತಿಯವು. ಇವುಗಳಲ್ಲಿ ಗೇರ್ ಬದಲಾಗುವಾಗ ಎಳೆತ ನಿಂತು, ತಲೆ ಮುಂದಕ್ಕೆ ವಾಲಿ, ಮತ್ತೆ ಹಿಂದಕ್ಕೆ ಹೋಗುತ್ತದೆ. ಹೈಡ್ರಾಲಿಕ್ ಪಂಪು, ಸೆನ್ಸರ್, ವಾಲ್ವುಗಳಿಗೆ ವಯಸ್ಸಾಗಿರುವ ಈ ಕಾಲದಲ್ಲಿ ಇವನ್ನು ಕೊಳ್ಳಲು ನನ್ನಲ್ಲಿ ಯಾರಾದರೂ ಸಲಹೆ ಕೇಳಿದರೆ ಬೇಡವೆಂದೇ ಹೇಳುತ್ತೇನೆ. ನಾಲ್ಕನೆಯದು ಹೊಸ ಕಾಲದ ಎಂಟು ಗೇರಿನ ಟಾರ್ಕ್ ಕನ್ವರ್ಟರ್. ಮೂರನೆಯ ತಲೆಮಾರಿನ ಝಡ್4ರಲ್ಲಿ ಬಂದದ್ದು ಇದು, ಟರ್ಬೊ ಎಂಜಿನ್ನಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಎಂಜಿನ್ನಿನ ಮಾತು ಬಂದದ್ದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹೋಂಡಾ ಎಸ್2000 ಕಾರನ್ನು 1999ರಿಂದ 2009ರವರೆಗೆ ತಯಾರಿಸಿದರು, ಒಂದೇ ಒಂದು ಆಟೊಮ್ಯಾಟಿಕ್ ಮಾಡಲಿಲ್ಲ. ಅದರ ಮೊದಲ 2 ಲೀಟರ್ ಎಂಜಿನ್ ನಿಮಿಷಕ್ಕೆ 9000 ಸುತ್ತಿನ ಕೆಂಪು ಗೆರೆಯವರೆಗೆ ಏರುತ್ತಿತ್ತು, ಪೂರ್ತಿ ಬಲ ಸಿಗುತ್ತಿದ್ದದ್ದು 8300ರಲ್ಲಿ. ಇಂಥ ಎಂಜಿನ್ನಿಗೆ ಯಾವ ಗೇರಿನಲ್ಲಿ ಎಷ್ಟು ಹೊತ್ತು ಇರಬೇಕೆಂದು ಓಡಿಸುವವರೇ ನಿರ್ಧರಿಸಬೇಕಾಗುತ್ತದೆ. ಬಲ ಮೇಲೆಲ್ಲೋ ಇರುವ, ಟರ್ಬೊ ಇಲ್ಲದ ಎಂಜಿನ್ನಿಗೆ ಮ್ಯಾನುಯಲ್. ಕೆಳಗಿನಿಂದಲೇ ಅಗಲವಾಗಿ ಟಾರ್ಕ್ ಕೊಡುವ ಟರ್ಬೊ ಎಂಜಿನ್ನಿಗೆ ಎರಡೂ ಸಲ್ಲುತ್ತವೆ. ಕಾರಿನ ಹೆಸರಿಗಿಂತ ಮೊದಲು ಈ ಹೊಂದಾಣಿಕೆಯನ್ನು ನೋಡಬೇಕು.

ಇಷ್ಟು ಹೊಸ ಕಾರಿಗೂ ಅನ್ವಯಿಸುವ ಮಾತಾಯಿತು. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಪ್ರಶ್ನೆಗೆ ಇನ್ನೊಂದು ಮುಖವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಮ್ಯಾನುಯಲ್ ಗೇರ್‌ಬಾಕ್ಸ್ ತನ್ನ ಕಾಯಿಲೆಯನ್ನು ಬಾಯಿಬಿಟ್ಟು ಹೇಳುತ್ತದೆ. ಆಟೊಮ್ಯಾಟಿಕ್ ಕೊನೆಯ ಗಳಿಗೆಯವರೆಗೂ ಬಚ್ಚಿಟ್ಟುಕೊಂಡಿರುತ್ತದೆ.

ನಾನು ಇದನ್ನು ಕೈ ಸುಟ್ಟುಕೊಂಡು ಕಲಿತೆ. ನನ್ನ ಮೊದಲ ತೆರೆದ ಕಾರು ಟಾರ್ಕ್ ಕನ್ವರ್ಟರ್‌ನ ಆಟೊಮ್ಯಾಟಿಕ್ ಆಗಿತ್ತು. ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ನೋಡಲು ಹೋದಾಗ ಎಂಜಿನ್ ಆಗಲೇ ಬಿಸಿಯಾಗಿತ್ತು, ಛಾವಣಿ ತೆರೆದಿತ್ತು, ಬಿಸಿಲೂ ಹಿತವಾಗಿತ್ತು, ಗಾಡಿ ಬೆಣ್ಣೆಯಂತೆ ಸಾಗಿತು. ಮೂರು ವಾರಗಳ ನಂತರ, ಗಂಟೆಗೆ 65ರಿಂದ 70ರ ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರಾಗಿ ಇಟ್ಟುಕೊಂಡು ಹೋಗುವಾಗ, ಒರಟು ರಸ್ತೆಯ ಮೇಲೆ ಹೋದಂತೆ ಒಂದು ಸಣ್ಣ ನಡುಕ ಕಾಣಿಸಿತು. ಟೈರ್ ಬ್ಯಾಲೆನ್ಸ್ ಇರಬೇಕೆಂದು ಎರಡು ಸಲ ಚಕ್ರ ಬಿಚ್ಚಿಸಿದೆ. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಪಕ್ಕದಲ್ಲಿ ಕುಳಿತು, ನಡುಕ ಬಂದಾಗ ಬ್ರೇಕ್ ಪೆಡಲನ್ನು ಎಡಗಾಲಿನಿಂದ ಸುಮ್ಮನೆ ಸೋಕಿಸಲು ಹೇಳಿದರು. ಸೋಕಿಸಿದೊಡನೆ ನಡುಕ ನಿಂತಿತು. ಬ್ರೇಕ್ ಸ್ವಿಚ್ ತಾಗಿದಾಗ, ಎರಡು ರೆಕ್ಕೆಚಕ್ರಗಳನ್ನು ಒಂದಾಗಿ ಬಿಗಿದಿಡುವ ಕನ್ವರ್ಟರ್‌ನ ಲಾಕ್-ಅಪ್ ಕ್ಲಚ್ ಬಿಟ್ಟುಕೊಳ್ಳುತ್ತದೆ, ನಡುಗುತ್ತಿದ್ದದ್ದು ಅದೇ. ಎಣ್ಣೆ ತೆಗೆದು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟಾಗ, ಕೆಂಪಗಿರಬೇಕಾದದ್ದು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು, ಸುಟ್ಟ ವಾಸನೆಯಿತ್ತು. ಜೀವಮಾನವಿಡೀ ಎಣ್ಣೆ ಬದಲಿಸಬೇಕಿಲ್ಲ ಎಂಬ ಮಾತನ್ನು ಹಿಂದಿನ ಮಾಲೀಕರು ನಂಬಿದ್ದರು. ಗೇರ್‌ಬಾಕ್ಸ್ ಇಳಿಸಿ ಕನ್ವರ್ಟರ್ ಬದಲಿಸುವುದರಲ್ಲಿ ಆ ವರ್ಷದ ಉಳಿತಾಯವೆಲ್ಲ ಹೋಯಿತು.

ಎಂಟು ಗೇರಿನ ಆಟೊಮ್ಯಾಟಿಕ್‌ಗಳನ್ನು ತಯಾರಿಸುವ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಲು ಹೇಳುತ್ತದೆ. ಆರು ಗೇರಿನ ಡಿಎಸ್‌ಜಿಗೆ ಈ ಅಂತರ 60,000 ಕಿಲೋಮೀಟರ್. ಈ ಕೆಲಸ ಆಗಿದೆಯೆಂದು ತೋರಿಸುವ ಬಿಲ್ಲು ಇಲ್ಲದ ಆಟೊಮ್ಯಾಟಿಕ್ ಗಾಡಿಯನ್ನು, ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ, ನಾನು ಇನ್ನು ಮುಂದೆ ನೋಡಲೂ ಹೋಗುವುದಿಲ್ಲ. ಬಿಲ್ಲು ಇದ್ದರೆ ಮುಂದಿನ ಪರೀಕ್ಷೆ. ರಾತ್ರಿಯೆಲ್ಲ ನಿಂತು ತಣ್ಣಗಾಗಿರುವ ಗಾಡಿಯನ್ನೇ ನೋಡಬೇಕು. ಹೋದೊಡನೆ ಬಾನೆಟ್ ಮೇಲೆ ಅಂಗೈ ಇಟ್ಟು, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ವಾಪಸಾಗುವುದರಲ್ಲಿ ಸಂಕೋಚ ಬೇಡ. ಪಾರ್ಕಿನಿಂದ ಡ್ರೈವಿಗೆ, ಡ್ರೈವಿನಿಂದ ರಿವರ್ಸಿಗೆ ಹಾಕಿದಾಗ ಗೇರ್ ಹಿಡಿಯಲು ತಡವಾಗುವುದು, ಧಡಕ್ಕೆಂದು ಹಿಡಿಯುವುದು, ಗೇರ್ ಏರುವ ನಡುವೆ ಎಂಜಿನ್ ಸುಮ್ಮನೆ ಕೂಗಿಕೊಳ್ಳುವುದು, ಇವೆಲ್ಲ ಒಳಗಿನ ಸವೆತದ ಗುರುತುಗಳು. ಎರಡು ಕ್ಲಚ್‌ಗಳ ಗೇರ್‌ಬಾಕ್ಸಾದರೆ ನಡಿಗೆಯ ವೇಗದಲ್ಲಿ ತೆವಳಿಸಿ ನೋಡಬೇಕು, ನಡುಕವಿದ್ದರೆ ಅಲ್ಲಿಯೇ ಕಾಣುತ್ತದೆ.

ಕನ್ವರ್ಟಿಬಲ್‌ಗೆಂದೇ ವಿಶೇಷವಾದ ಇನ್ನೊಂದು ಅಪಾಯ ನೀರಿನದು. ಮಡಚುವ ಛಾವಣಿಯ ಬುಡದಲ್ಲಿ ಮಳೆನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ. ಎಲೆ, ಧೂಳು ಸೇರಿ ಅವು ಕಟ್ಟಿಕೊಂಡರೆ ನೀರು ಕಾರಿನೊಳಕ್ಕೆ ಇಳಿಯುತ್ತದೆ. 986 ಬಾಕ್ಸ್‌ಸ್ಟರ್‌ನಲ್ಲಿ ಬೀಗವನ್ನೂ ಕಳ್ಳರು ಸ್ಟಾರ್ಟ್ ಮಾಡದಂತೆ ತಡೆಯುವ ಇಮ್ಮೊಬಿಲೈಸರನ್ನೂ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಸೀಟಿನ ಕೆಳಗೆ ನೆಲದ ಮೇಲೆಯೇ ಇದೆ, ನೀರು ನುಗ್ಗಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಗೇರ್ ಹಾಕುವ ಕೆಲಸವನ್ನೂ ಎಲೆಕ್ಟ್ರಾನಿಕ್ಸ್‌ಗೆ ಒಪ್ಪಿಸಿರುವ ಗಾಡಿಯಲ್ಲಿ ಒದ್ದೆಗೆ ಹೆದರಬೇಕಾದ ತಂತಿಗಳು ಇನ್ನೂ ಹೆಚ್ಚು. ಸೀಟನ್ನು ಹಿಂದಕ್ಕೆ ಸರಿಸಿ ಕಾರ್ಪೆಟ್ಟಿನ ಅಡಿಗೆ ಬೆರಳು ತೂರಿಸಿ ಒತ್ತಿ ನೋಡಿ. ಮೇಲೆ ಒಣಗಿದ್ದು ಕೆಳಗಿನ ಸ್ಪಂಜು ಒದ್ದೆಯಿದ್ದರೆ ಆ ಗಾಡಿ ಬೇಡ.

ಮ್ಯಾನುಯಲ್ ಪರೀಕ್ಷೆ ಸುಲಭ, ಏಕೆಂದರೆ ಅದಕ್ಕೆ ಬೇಕಾದ ಉಪಕರಣಗಳು ನಮ್ಮ ಕೈಕಾಲು ಕಿವಿಗಳೇ. ನಾಲ್ಕನೆಯ ಗೇರಿನಲ್ಲಿ ಗಂಟೆಗೆ 50ರ ವೇಗದಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಟ್ಯಾಕೋಮೀಟರಿನ ಮುಳ್ಳು ಮೇಲೆ ಹಾರಿ ಗಾಡಿಯ ವೇಗ ಅದರೊಡನೆ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ನ್ಯೂಟ್ರಲ್‌ನಲ್ಲಿ ನಿಂತು ಕ್ಲಚ್ ಒತ್ತಿದಾಗ ಹುಟ್ಟುವ ಸದ್ದು ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನದು. ಒತ್ತಿದಾಗ ನಿಂತುಹೋಗುವ ಸದ್ದು ಗೇರ್‌ಬಾಕ್ಸಿನೊಳಗಿನ ಬೇರಿಂಗಿನದು, ಎರಡನೆಯದೇ ಹೆಚ್ಚು ಚಿಂತೆಯದು. ಮೂರರಿಂದ ಎರಡಕ್ಕೆ ಬೇಗ ಇಳಿಸಿದಾಗ ಕರಕರ ಎಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದೆ. ಎರಡನೆಯ ಗೇರಿನಲ್ಲಿ ವೇಗ ಏರಿಸಿ ಥಟ್ಟನೆ ಕಾಲು ತೆಗೆದಾಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಗೇರ್‌ಬಾಕ್ಸ್ ಬಿಚ್ಚದೆ ದಾರಿಯಿಲ್ಲ. ಈ ಪರೀಕ್ಷೆಗಳನ್ನು ಛಾವಣಿ ಮುಚ್ಚಿ, ಕಿಟಕಿ ಏರಿಸಿ, ರೇಡಿಯೊ ಆರಿಸಿ ಮಾಡಬೇಕು. ತೆರೆದು ಹೋದರೆ ಗಾಳಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಆಮೇಲೆ ಛಾವಣಿ ತೆರೆದು, ಒಂದು ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಎರಡನೆಯ ಗೇರಿನಲ್ಲಿ ನಿಧಾನವಾಗಿ ಸಾಗಿ. ಕಾರಿನ ಅಡಿಯಿಂದ ಹೊರಟ ಸದ್ದು ಗೋಡೆಗೆ ಬಡಿದು ನೇರ ಕಿವಿಗೆ ಬರುತ್ತದೆ. ಮುಚ್ಚಿದ ಕಾರಿನಲ್ಲಿ ಎಂದೂ ಕೇಳಿಸದ ಬೇರಿಂಗಿನ ಸಣ್ಣ ಗುಂಯ್‌ಗಾಟವೂ ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಎಂಎಕ್ಸ್-5ರ ಮೊದಲ ಎರಡು ತಲೆಮಾರುಗಳಲ್ಲಿ ಪೆಡಲಿನ ಒತ್ತಡವನ್ನು ದ್ರವದ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ಸೋರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದರ ರಬ್ಬರ್ ಟೊಪ್ಪಿಗೆಯ ಅಂಚು ಎತ್ತಿ ನೋಡಿದರೆ ಒಳಗೆ ದ್ರವ ಇದೆಯೇ ಎಂದು ತಿಳಿಯುತ್ತದೆ. ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ಅಡಿಯ ಬಿಸಿಗಾಳಿ ಕೈಗೆ ತಾಗುತ್ತದೆ. ಎರಡೂ ಸಣ್ಣ ಖರ್ಚಿನ ಕೆಲಸಗಳು, ಹೆದರಿ ಓಡಬೇಕಾದವಲ್ಲ, ಬೆಲೆ ಇಳಿಸಲು ಹೇಳಬೇಕಾದವು. 986 ಬಾಕ್ಸ್‌ಸ್ಟರ್ ನೋಡುವವರು ಇನ್ನೊಂದನ್ನು ಕೇಳಬೇಕು. ಆ ಎಂಜಿನ್ನಿನೊಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬ ನಡುದಂಡದ ಬೇರಿಂಗ್ ಮುರಿದರೆ ಎಂಜಿನ್ನೇ ಹೋಗುತ್ತದೆ, ಆ ಬೇರಿಂಗ್ ಇರುವುದು ಫ್ಲೈವೀಲ್ ಕಡೆಗೆ, ಅಂದರೆ ಗೇರ್‌ಬಾಕ್ಸ್ ಕೂಡುವ ಬದಿಯಲ್ಲಿ. ಮ್ಯಾನುಯಲ್ ಗಾಡಿಯಲ್ಲಿ ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಹೇಗೂ ಇಳಿಸಬೇಕು, ಆಗಲೇ ಬೇರಿಂಗನ್ನೂ ಬದಲಿಸುವುದು ರೂಢಿ. ಆದ್ದರಿಂದ ಕ್ಲಚ್ ಬದಲಾಯಿಸಿದ ಬಿಲ್ಲಿನಲ್ಲಿ ಆ ಬೇರಿಂಗಿನ ಹೆಸರಿದೆಯೇ ಎಂದು ಹುಡುಕಿ. ಟಿಪ್‌ಟ್ರಾನಿಕ್ ಗಾಡಿಗಳಲ್ಲಿ ಗೇರ್‌ಬಾಕ್ಸ್ ಇಳಿಸುವ ಸಂದರ್ಭವೇ ಬಂದಿರುವುದಿಲ್ಲವಾದ್ದರಿಂದ ಆ ಬೇರಿಂಗನ್ನು ಯಾರೂ ಮುಟ್ಟಿರದ ಸಾಧ್ಯತೆ ಹೆಚ್ಚು. 2009ರ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟನ್ನೇ ತೆಗೆದುಹಾಕಿದರು. ಪಿಡಿಕೆ ಬಂದದ್ದೂ ಆ ವರ್ಷವೇ ಆದ್ದರಿಂದ, ಆಟೊಮ್ಯಾಟಿಕ್ ಬಾಕ್ಸ್‌ಸ್ಟರ್ ಬೇಕೆನ್ನುವವರಿಗೆ 2009ರ ಗೆರೆಯ ಈಚೆಗಿರುವುದೇ ಎಲ್ಲ ರೀತಿಯಲ್ಲೂ ಕ್ಷೇಮ.

ಆಟೊಮ್ಯಾಟಿಕ್ ಕೊಳ್ಳುವುದೇ ಸರಿಯೆನ್ನಬೇಕಾದವರೂ ಇದ್ದಾರೆ. ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ನನ್ನ ಗೆಳೆಯನೊಬ್ಬ ಕ್ಲಚ್ ಒತ್ತಲಾರದೆ, ತೆರೆದ ಕಾರಿನ ಆಸೆಯನ್ನೇ ಬಿಡುವುದರಲ್ಲಿದ್ದ. ಪಿಡಿಕೆ ಇರುವ ಬಾಕ್ಸ್‌ಸ್ಟರ್ ತೆಗೆದುಕೊಂಡ ಮೇಲೆ ಅವನು ಓಡಿಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಬ್ರೇಕ್ ಹಾಕುವಾಗ ಗೇರ್ ಇಳಿಸಿ ಎಂಜಿನ್ನಿನ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಆ ಯಂತ್ರದ ಕೆಲಸ ನನ್ನ ಕಾಲಿನ ಕೆಲಸಕ್ಕಿಂತ ಅಚ್ಚುಕಟ್ಟು. ದಿನವೂ ವಾಹನಗಳ ಸಾಲಿನಲ್ಲಿ ಒಂದು ಗಂಟೆ ತೆವಳಬೇಕಾದವರಿಗೂ, ಮನೆಯಲ್ಲಿ ಮ್ಯಾನುಯಲ್ ಓಡಿಸಲು ಬಾರದ ಇನ್ನೊಬ್ಬರು ಅದೇ ಕಾರನ್ನು ಬಳಸುವುದಿದ್ದರೂ ಆಟೊಮ್ಯಾಟಿಕ್ಕೇ ಸರಿ. ಇದರಲ್ಲಿ ಕೀಳರಿಮೆಗೆ ಜಾಗವಿಲ್ಲ.

ನಾನು ಕೊನೆಗೆ ತೆಗೆದುಕೊಂಡದ್ದು ಆ ಮ್ಯಾನುಯಲ್ ಎಂಎಕ್ಸ್-5. ತಂದ ವಾರವೇ ಗೇರ್‌ಬಾಕ್ಸ್ ಎಣ್ಣೆಯನ್ನೂ ಕ್ಲಚ್ಚಿನ ದ್ರವವನ್ನೂ ಬದಲಿಸಿದೆ. ಲಿವರ್ ಮೊದಲಿಗಿಂತ ಹಗುರವಾಯಿತು. ಬೆಳಿಗ್ಗೆ ಗಾಡಿ ತೆಗೆದಾಗ ಎಣ್ಣೆ ಬಿಸಿಯಾಗುವವರೆಗೆ, ಒಂದರಿಂದ ಎರಡಕ್ಕೆ ಹೋಗುವ ನಡುವೆ ನ್ಯೂಟ್ರಲ್‌ನಲ್ಲಿ ಕೈಯನ್ನು ಅರೆಕ್ಷಣ ತಡೆದು ಆಮೇಲೆ ಹಾಕುತ್ತೇನೆ. ಎರಡು ಮೈಲಿ ಹೋದ ಮೇಲೆ ಆ ತಡೆ ಬೇಕಾಗುವುದಿಲ್ಲ.